ಜೇಬು

ಹಲಸೂರು ಕೆರೆಯ ಹಿಂದಿನ ಶಾಲೆ, ಹತ್ತನೇ ಬಿ.
ಹಲಗೆಯ ಮೇಲೆ ಒಂದು ಬಿಲ್ಲು ಬರೆದೆ,
ಅದಕ್ಕೊಂದು ಬಿಗಿದ ದಾರ.

ಮೂಗು ಕಟ್ಟಿತ್ತು. ಮೂರು ದಿನದಿಂದ ಹೀಗೇ,
ಮೆಟ್ರೋ ಧೂಳು, ಪಾರ್ಥೇನಿಯಂ, ಡಿಸೆಂಬರು.
‘ಸೈನಸ್’ ಅಂದಿದ್ದರು ಡಾಕ್ಟರು, ನನ್ನ ಹಣೆ ತಟ್ಟಿ.
‘ಸೈನ್’ ಅಂದೆ ನಾನು, ಹಲಗೆ ತಟ್ಟಿ.
ಸೀನಿದೆ.

“ಈ ದಾರಕ್ಕೆ ಏನಂತಾರೆ?”
ಯಾರೂ ಬಾಯಿ ಬಿಡಲಿಲ್ಲ.
ಕೊನೇ ಬೆಂಚಿನ ತಿಮ್ಮರಾಜು ಎದ್ದ.
ಅವರಪ್ಪ ನಾಟಕದವರಿಗೆ ಕಿರೀಟ, ಗದೆ, ಬಿಲ್ಲು
ಬಾಡಿಗೆಗೆ ಕೊಡುವವನು.
“ಎದೆ, ಮೇಡಂ.”

ಕ್ಲಾಸೆಲ್ಲ ನಗು.
“ಹೆದೆ” ಎಂದು ತಿದ್ದಿದೆ, ಕಟ್ಟಿದ ಮೂಗಿನಲ್ಲೇ
ಹಕಾರವನ್ನು ಒತ್ತಿ ಒತ್ತಿ.
ಕೂತ. ಕಿವಿ ಕೆಂಪಾಗಿತ್ತು.

ಶನಿವಾರ ಮಕ್ಬೂಲ್ ಸಾಬರ ಹೊಲಿಗೆ ಅಂಗಡಿ.
“ಚೂಡಿದಾರಕ್ಕೆ ಜೇಬು ಯಾಕಮ್ಮಾ?”
“ಸೀಮೆಸುಣ್ಣ ಇಡೋಕೆ.”
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದರು:
“ಅರಬಿಯಲ್ಲಿ ಜೈಬ್. ಜೇಬೂ ಹೌದು,
ಅಂಗಿಯ ಎದೆಸೀಳೂ ಹೌದು.”

ಮನೆಗೆ ನಡೆಯುತ್ತ ಎಲ್ಲ ಕೂಡಿಕೊಂಡಿತು.
ಕಾಲೇಜಿನಲ್ಲಿ ಒಮ್ಮೆ ಓದಿ ಮರೆತದ್ದು:
ಇಲ್ಲಿಯವರು ಜ್ಯಾ ಅಂದರು, ಬಿಲ್ಲಿನ ಹುರಿ,
ಜೀವಾ ಎಂದೂ ಅಂದರು.
ಬಾಗ್ದಾದಿಗೆ ಹೋದದ್ದು ಬರಿಯ ಸದ್ದು, ಜೀಬ.
ಅಲ್ಲಿ ಸ್ವರ ಬರೆಯುವ ರೂಢಿಯಿಲ್ಲ,
ಹಾಳೆಯ ಮೇಲೆ ಜ, ಬ,
ಎರಡು ಎಲುಬು, ಮಾಂಸವಿಲ್ಲ.
ಮುಂದೆ ಯಾರೋ ಅದನ್ನೇ ಜೈಬ್ ಎಂದು ಓದಿಕೊಂಡ.
ಸ್ಪೇನಿನಲ್ಲಿ ಇನ್ಯಾರೋ, ದೀಪ ಹತ್ತಿರ ಎಳೆದುಕೊಂಡು,
ಲ್ಯಾಟಿನ್‌ನಲ್ಲಿ ಬರೆದ: ಸೈನಸ್.
ಮಡಿಲು. ಕೊಲ್ಲಿ. ಎದೆ.
ನನ್ನ ಹುಬ್ಬಿನ ಹಿಂದೆ ಕುಟ್ಟುವ ಪೊಳ್ಳು ಗೂಡಿಗೂ
ಅದೇ ಹೆಸರು.

ಹೆದೆ ಎದೆಯಾಗುವುದಕ್ಕೆ
ಲೋಕಕ್ಕೆ ಬೇಕಾಯಿತು ಆರೇಳು ನೂರು ವರ್ಷ,
ಒಂಟೆ, ಹಡಗು, ನಿದ್ದೆಗೆಟ್ಟ ಲಿಪಿಕಾರರು.
ತಿಮ್ಮರಾಜುವಿಗೆ ಒಂದು ಉಸಿರು.
ಅದೂ ಬಿಡದೆ ಉಳಿಸಿಕೊಂಡ ಉಸಿರು.

ಸೋಮವಾರ ಬಸ್ಸಿನಲ್ಲಿ ಕಂಡಕ್ಟರು ಕೂಗಿದ,
“ಅಲ್ಸೂರ್, ಯಾರ್ರೀ ಅಲ್ಸೂರ್!”
ಹಲಸೂರು ಎಂಬ ಬೋರ್ಡಿನ ಕೆಳಗೆ
ಎಲ್ಲರೂ ಸರಿಯಾಗಿಯೇ ಇಳಿದರು.

ಹೊಸ ಜೇಬಿನಿಂದ ಸೀಮೆಸುಣ್ಣ ತೆಗೆದು ಕೊಟ್ಟೆ.
“ಅವತ್ತು ಹೇಳಿದೆಯಲ್ಲ, ಬರಿ, ತಿಮ್ಮರಾಜು.”
ನನ್ನ ಮುಖ ನೋಡಿದ. ಹಿಂದಿನ ಬೆಂಚುಗಳನ್ನು ನೋಡಿದ.
ಬರೆದ, ದಪ್ಪಗೆ, ಒಂದೂ ತಪ್ಪಿಲ್ಲದೆ:
ಹೆದೆ.

ಹೇಳಬೇಕೆಂದು ತಂದದ್ದೆಲ್ಲ ಗಂಟಲಲ್ಲೇ ನಿಂತಿತು.
ಹಲಗೆ ಒರೆಸಲಾಗಲಿಲ್ಲ.
ಮೂಗು ಒರೆಸಿಕೊಂಡೆ.