ಇರುತ್ತಾನೆ

ಸಾಗರದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ
ನನ್ನದೊಂದು ಕಂಪ್ಯೂಟರು, ಕೆಮ್ಮುವ ಪ್ರಿಂಟರು,
ಪುಟಕ್ಕೆ ಇಪ್ಪತ್ತು ರೂಪಾಯಿ.
ಹದಿನೇಳು ವರ್ಷದಿಂದ ಸರ್ಕಾರಿ ಕನ್ನಡ ಕುಟ್ಟುತ್ತಿದ್ದೇನೆ.
ಮನೆಗೆ ಹೋದರೂ ಬಾಯಿಗೆ ಅದೇ ಬರುತ್ತದೆ:
ಸದರಿ ಸಾರಿಗೆ ಉಪ್ಪು ಕಡಿಮೆಯಾಗಿರುತ್ತದೆ.

ಆ ಭಾಷೆಗೆ ನಿನ್ನೆ ಎಂಬುದು ಗೊತ್ತಿಲ್ಲ.
ಕಳುವಾಗಿರುತ್ತದೆ. ಹೊಡೆದಿರುತ್ತಾನೆ.
ಸತ್ತವನೂ ಅದರಲ್ಲಿ ಮೃತಪಟ್ಟಿರುತ್ತಾನೆ,
ಸತ್ತೂ ಇರುತ್ತಾನೆ, ಪಾಪ.

ಗುತ್ಯಪ್ಪ ಬಂದದ್ದು ಮಂಗಳವಾರ,
ತ್ಯಾಗರ್ತಿಯ ಮೊದಲ ಬಸ್ಸಿಗೆ.
ಕವರಿನೊಳಗೆ ಕವರು, ಅದರೊಳಗೆ ಕಾಗದ.
ಶಾಲೆಯ ವ್ಯಾನು ಓಡಿಸುವ ಕೆಲಸ,
ಎಲ್ಲರೂ ಒಪ್ಪಿದ್ದಾರೆ,
ಠಾಣೆಯಿಂದ ನಡತೆಪತ್ರ ಒಂದು ಬೇಕಿತ್ತು.
ಬಂದ ಪತ್ರದಲ್ಲಿ ಒಂದೇ ಸಾಲು:
ಸದರಿ ಅಸಾಮಿಯು ಅರಣ್ಯ ಪ್ರಕರಣವೊಂದರಲ್ಲಿ
ಅಪರಾಧಿಯಾಗಿರುತ್ತಾನೆ.

"ಹತ್ತೊಂಬತ್ತು ನನಗಾಗ," ಅಂದ.
"ಲಾರಿಗೆ ನಾಟಾ ಏರಿಸಿದ್ದೆ, ರಾತ್ರಿಗೆ ನೂರೈವತ್ತು ಕೂಲಿ.
ಯಾರ ಮರ, ಯಾವ ಕಾಡು, ಕೇಳಲಿಲ್ಲ. ಕೇಳಬೇಕಿತ್ತು.
ಧಣಿ ಮುಂದಿನ ತಿಂಗಳೇ ಬಿಡಿಸಿಕೊಂಡರು, ಲಾರಿಯನ್ನು.
ನನಗೆ ವಕೀಲರು ಹೇಳಿದರು,
ತಪ್ಪಾಯ್ತು ಅನ್ನು, ಸಂಜೆ ಬಸ್ಸಿಗೆ ಮನೆ ಸೇರುತ್ತೀಯ.
ಅಂದೆ. ಸೇರಿದೆ.
ಅವತ್ತು ಮೀನುಸಾರು ಮಾಡಿದ್ದರು."

ಹೆಸರು ತೆಗೆಸಲು ತೀರ್ಪಿನ ನಕಲು ಬೇಕಂತೆ.
ನಕಲು ಕೇಳಿದರೆ ದಾಖಲೆ ಕೋಣೆಯವರು
ಮೂರು ಸಲ ತಿರುಗಿಸಿ ಷರಾ ಬರೆದುಕೊಟ್ಟಿದ್ದಾರೆ:
ಅವಧಿ ಮೀರಿದ ಕಾರಣ ಕಡತವನ್ನು ನಾಶಪಡಿಸಲಾಗಿರುತ್ತದೆ.

ಎರಡು ಸಲ ಓದಿದೆ.
ಕಾಗದಕ್ಕೆ ಅವಧಿ ಇದೆ,
ಗೆದ್ದಲು ಬರುವ ಮೊದಲೇ ಬಿಡುಗಡೆ.
ಠಾಣೆಯ ರಿಜಿಸ್ಟರಿನ ಆ ಸಾಲಿಗೆ ಮಾತ್ರ
ಯಾವ ಆಷಾಢದ ಬೂಷ್ಟೂ ಹಿಡಿಯುವುದಿಲ್ಲ.

ಈ ಬೀದಿಯಲ್ಲಿ ಎಷ್ಟು ಅದಾಲತ್ತಿನ ಬ್ಯಾನರು ಕಂಡಿಲ್ಲ ನಾನು!
ಪಿಂಚಣಿಗೆ, ಖಾತೆಗೆ, ಪೋಡಿಗೆ,
ರೇಷನ್ ಕಾರ್ಡಿನಲ್ಲಿ ಗಂಡ ಮಗನಾಗಿ ಹೋದದ್ದಕ್ಕೆ.
ಶಾಮಿಯಾನ, ಎರಡು ಮೇಜು, ಒಂದು ಸೀಲು,
ಮಧ್ಯಾಹ್ನಕ್ಕೆ ಪಲಾವು.
ಹಾಗೇ ಒಂದು ಶನಿವಾರ ಹೋಬಳಿಗೆ ಬಂದು
ಇಷ್ಟು ವರ್ಷ ನೆಟ್ಟಗೆ ಬಾಳಿದವರು ಬನ್ನಿ,
ವಕೀಲರು ಬೇಡ, ಅಫಿಡವಿಟ್ ಬೇಡ,
ಒಂದು ಹಾಳೆ, ಒಂದು ರುಜು ಸಾಕು
ಎಂದು ಮೈಕಿನಲ್ಲಿ ಕೂಗಿದರೆ?

ಇಲ್ಲ, ಕೂಗಬಾರದು.
ಊರೆಲ್ಲ ನಿಂತು ನೋಡುವಾಗ
ಯಾವನು ಎದ್ದು ಬರುತ್ತಾನೆ ಆ ಮೇಜಿಗೆ?
ಯಾರೂ ಬರಬೇಕಾಗಿಯೇ ಇಲ್ಲದ ಹಾಗೆ,
ಕಡತ ಸಾಯುವ ದಿನ
ಸಾಲೂ ತಾನಾಗಿ ಸಾಯಬೇಕು.

ನನ್ನ ಓರಗಿತ್ತಿಯ ಸರ ಕಿತ್ತವನೂ ಇದ್ದಾನಲ್ಲ, ಅವನಿಗೂ?
ಕಿವಿಯ ಹಿಂದೆ ಅವಳಿಗಿನ್ನೂ ಗೆರೆ ಇದೆ.
ಅವನಿಗೂ ಎನ್ನಲು
ಒಂದು ಲೋಟ ಚಹಾ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು.

ಅರ್ಜಿ ಕುಟ್ಟಿದೆ. ಕೊನೆಯ ಪ್ಯಾರಾದಲ್ಲಿ ಬೆರಳು ನಿಂತಿತು.
ಸದರಿ ಗುತ್ಯಪ್ಪನು ಅಂದು ತಪ್ಪು ಮಾಡಿದ್ದನು.
ಮಾಡಿರುತ್ತಾನೆ ಅಲ್ಲ,
ಮಾಡಿದ್ದನು.
ಒಂದಕ್ಷರ ಕಡಿಮೆ, ಇಪ್ಪತ್ತನಾಲ್ಕು ವರ್ಷ ಹಗುರ.
ಅವನಿಗೆ ಹೇಳಲಿಲ್ಲ. ಮಡಚಿ ಒಳಗಿನ ಕವರಿಗೆ ಹಾಕಿದ.

ಗುರುವಾರ ಮತ್ತೆ ಬಂದ.
ಕೇಸ್ ವರ್ಕರ್ ಆ ಪದಕ್ಕೆ ಕೆಂಪು ಸುತ್ತು ಎಳೆದು
ಅಂಚಿನಲ್ಲಿ ಬರೆದಿದ್ದರು:
ಭಾಷೆ ಸರಿಪಡಿಸಿ ಸಲ್ಲಿಸುವುದು.

ಗುತ್ಯಪ್ಪ ಇಪ್ಪತ್ತರ ನೋಟು ಮೇಜಿನ ಮೇಲಿಟ್ಟ.
ನಾನು ಮುಟ್ಟಲಿಲ್ಲ. ಫೈಲು ತೆರೆದೆ.
ಆ ಪದದ ಬಾಲದಲ್ಲಿ ಕರ್ಸರು ಮಿಟುಕುತ್ತಿತ್ತು.

"ಸೋಮವಾರದ ತನಕ," ಅಂದ,
ನನಗಲ್ಲ, ಪ್ರಿಂಟರಿಗೆ ಅನ್ನುವ ಹಾಗೆ,
"ವ್ಯಾನು ನಿಲ್ಲಿಸಿಕೊಂಡಿರುತ್ತಾರಂತೆ."