ಕರಗುವುದನ್ನು ತೂಗುವವಳು

ನನ್ನ ಕೆಲಸ ಸಣ್ಣದು.
ಬೆಳಗ್ಗೆ ಎಂಟಕ್ಕೆ ಬಿಸಿಪೆಟ್ಟಿಗೆಯ ಬಾಗಿಲು ತೆರೆದು
ಮೈಶಾಖದ ಉಪ್ಪುನೀರಲ್ಲಿ ನೆನೆದ ಇಪ್ಪತ್ತನಾಲ್ಕು ಹನಿಗಳನ್ನು
ಒಂದೊಂದಾಗಿ ಎತ್ತಿ, ಒರೆಸಿ, ತೂಗಿ,
ನಿನ್ನೆಗಿಂತ ಇಂದು ಎಷ್ಟು ಕಡಿಮೆ
ಎಂದು ಬರೆದಿಡುವುದು.

ಕೋನ್ಸೆಪ್ಸಿಯೋನಿನ ಜೂನ್ ತಿಂಗಳು.
ಕಿಟಕಿಯಾಚೆ ಬಿಯೊಬಿಯೊ ನದಿ
ಮಂಜಿನಲ್ಲಿ ತನ್ನ ದಂಡೆ ಕಳೆದುಕೊಂಡಿದೆ.
ಮನೆಯಲ್ಲಿ ತಂಗಿ ಕೇಳುತ್ತಾಳೆ: ಏನು ಮಾಡಿದೆ ಇವತ್ತು?
ಏನೋ ಒಂದು ಇಲ್ಲವಾಗುವುದನ್ನು ನೋಡಿದೆ, ಅನ್ನುತ್ತೇನೆ.
ಅದಕ್ಕೂ ಸಂಬಳ ಕೊಡುತ್ತಾರಾ?
ಕೊಡುತ್ತಾರೆ. ತಡವಾಗಿ.

ಆಲ್ಜಿನೇಟ್, ಸೀಸೆಯ ಮೇಲಿನ ಹೆಸರು.
ಎಳೆ ಎಳೆಯ ಕೈಹಿಡಿಯಲು ಚೂರೇ ಚೂರು ಕ್ಯಾಲ್ಸಿಯಂ ಸಾಕು:
ಸೂಜಿಯೊಳಗೆ ನೀರು,
ಸೂಜಿ ದಾಟಿದ ಗಳಿಗೆಗೆ ಲೋಳೆ.
ಹೆಪ್ಪು ಹಾಕಿದ ಹಾಲು ಇಡೀ ರಾತ್ರಿ ಮಾಡುವುದನ್ನು
ಇದು ಒಂದು ಉಸಿರಲ್ಲಿ ಮುಗಿಸುತ್ತದೆ.
ಒಳಗೆ ಔಷಧ, ಜಿಪುಣನ ಜೇಬಿನ ಚಿಲ್ಲರೆಯ ಹಾಗೆ
ದಿನಕ್ಕಿಷ್ಟು, ದಿನಕ್ಕಿಷ್ಟು,
ಸವೆದ ಕೀಲಿನ ಮೆದು ಎಲುಬಿಗೆ
ಮತ್ತೆ ಚಿಗುರು ಎಂದು ಪುಸಲಾಯಿಸಲು.
ಆಮೇಲೆ ನೆತ್ತರಿನ ಉಪ್ಪು ತಾನೇ ಬಂದು
ಗಂಟು ಸಡಿಲಿಸುತ್ತದೆ.
ನಲವತ್ತು ದಿನದ ಮೇಲೆ ಲೋಳೆ ಅಲ್ಲಿರಬಾರದು.
ಉಳಿದರೆ ತಪ್ಪು. ಇಪ್ಪತ್ತಕ್ಕೇ ಹೊರಟರೂ ತಪ್ಪು.

ಪ್ರಯೋಗದ ಹನ್ನೊಂದನೇ ಮಂಡಿ
ತಿರೂವಾದಿಂದ ಬಸ್ಸಿನಲ್ಲಿ ಬಂತು.
ಎರ್ಮೆಲಿಂಡಾ ಯಾಂಕಿಲೇವೊ, ವಯಸ್ಸು ಅರವತ್ತಮೂರು.
ಇಳಿತದ ಹೊತ್ತಿಗೆ ಸೊಂಟದ ನೀರಲ್ಲಿ ನಿಂತು
ಹಾರೆಯಿಂದ ಮೀಟಿ ಮೀಟಿ
ಬಂಡೆಯ ಕಡಲಕಳೆ ಕಿತ್ತವಳು.
ಚಸ್ಕೋನ್ ಅನ್ನುತ್ತಾರೆ ಅದಕ್ಕೆ, ಕೆದರಿದ ತಲೆ ಎಂದು.
ಒಣಗಿಸಿ ಕಟ್ಟಿದ ಹೊರೆ ಲಾರಿ ಹತ್ತಿದ ಮೇಲೆ
ಎಲ್ಲಿಗೆ ಹೋಗುತ್ತದೆಂದು
ಯಾರೂ ಅವಳಿಗೆ ಹೇಳಿರಲಿಲ್ಲ.

ಡಾಕ್ಟರ್ ರೆಬೊಯೆದೊ ಹೇಳಿದರು.
ಅವಳು ಸಿರಿಂಜು ಕೈಗೆ ಬೇಕೆಂದಳು. ಕೊಡುವಂತಿಲ್ಲ.
ನನ್ನ ತಟ್ಟೆಯ ಹನಿಯೊಂದನ್ನು ಕೊಟ್ಟೆ
(ಆ ದಿನದ ಲೆಕ್ಕದಲ್ಲಿ ಇಪ್ಪತ್ತಮೂರು ಎಂದೇ ಇದೆ).
ಬೆರಳಲ್ಲಿ ಹೊಸಕಿದಳು. ಮೂಸಿದಳು.
ವಾಸನೆ ಎಲ್ಲಿ ಹೋಯಿತು ಇದರದು, ಅಂದಳು,
ಮಗಳ ಗಂಡನ ಮನೆಯಲ್ಲಿ ಮಗಳನ್ನು ಹುಡುಕುವ ತಾಯಿಯಂತೆ.
ಆಮೇಲೆ: ಕಿಲೋಗೆ ಎಷ್ಟು?
ನನಗೆ ಗ್ರಾಮಿನ ದರ ಗೊತ್ತಿತ್ತು. ಹೇಳಿದೆ.
ಬಹಳ ಹೊತ್ತು ನಕ್ಕಳು, ಮಂಡಿ ಹಿಡಿದುಕೊಂಡು.

ಅರ್ಧ ಸಿರಿಂಜುಗಳಲ್ಲಿ ಔಷಧ, ಅರ್ಧದಲ್ಲಿ ಬರೀ ಲೋಳೆ.
ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ, ನನಗೂ ಇಲ್ಲ,
ಕಬ್ಬಿಣದ ಕಪಾಟಿನ ಲಕೋಟೆಗೆ ಗೊತ್ತು.
ನಾನು ತೂಗಿದೆ.
ಹತ್ತನೇ ದಿನ ಅಂಚು ಮೆತ್ತಗಾಯಿತು.
ಇಪ್ಪತ್ತೈದಕ್ಕೆ ಚಿಮಟದಲ್ಲಿ ನಿಲ್ಲಲಿಲ್ಲ.
ಮೂವತ್ತೆಂಟಕ್ಕೆ ತಟ್ಟೆಯಲ್ಲಿ ನೀರು, ನೀರಲ್ಲಿ ಏನೂ ಇಲ್ಲ;
ಆದರೂ ತಟ್ಟೆಯನ್ನು ತೂಗಿದೆ.
ನಲವತ್ತರಂದು ಅವಳ ಫೋನು:
ಮನೆಗೆ ಏಳು ಮೆಟ್ಟಿಲು,
ಮೂರು ಈಗ ಸುಮ್ಮನಿವೆ.

ಮಾರ್ಚಿಯಲ್ಲಿ ಲಕೋಟೆ ಒಡೆದರು.
ಹನ್ನೊಂದು: ಬರೀ ಲೋಳೆ.

ಫೋನಿನ ಆ ತುದಿಯಲ್ಲಿ ಗಾಳಿ.
ಅಂದರೆ ಒಳಗಿದ್ದದ್ದು ನನ್ನ ಕಳೆಯೊಂದೇ?
ಹೌದು, ಎಂದರು ಡಾಕ್ಟರ್.
ಮೂರು ಮೆಟ್ಟಿಲು?
ಹೀಗೂ ಆಗುತ್ತದೆ. ನಂಬಿಕೆಯಿರಬಹುದು, ವಿಶ್ರಾಂತಿಯಿರಬಹುದು.
ವಿಶ್ರಾಂತಿ ಮಾಡಿದವರು ಯಾರು, ಅಂದಳು,
ನಾಲ್ಕೂವರೆಗೆ ಇಳಿತ, ಬರ್ತೀನಿ.

ಇವತ್ತು ಹೊಸ ತಂಡದ ಮೊದಲ ದಿನ.
ತಕ್ಕಡಿಯ ಅಂಕಿ ಸೊನ್ನೆಗೆ ನಿಲ್ಲುವತನಕ
ಉಸಿರು ಬಿಗಿಹಿಡಿಯುತ್ತೇನೆ; ಉಸಿರೂ ತೂಗುತ್ತದೆ ಅಲ್ಲಿ.
ಬಾಗಿಲ ಕಡೆ ಒಮ್ಮೆ ನೋಡಿ
ಕೈಗವಸು ಕಳಚಿ, ಹನಿಯನ್ನು ಮೂಸುತ್ತೇನೆ.
ಅದನ್ನು ಬರೆಯಲು ಪುಸ್ತಕದಲ್ಲಿ ಕಾಲಂ ಇಲ್ಲ.