ಘಾಟು

ಬ್ಯಾಡಗಿ ಪ್ಯಾಟ್ಯಾಗ ಕೆಮ್ಮಂದ್ರ ರೋಗಲ್ಲ,
ಊರಿನ ದನಿ.
ಇಲ್ಲಿ ಹುಟ್ಟಿದ ಕೂಸು ಮೊದಲು ಅಳತೈತಿ,
ಆಮ್ಯಾಲೆ ಸೀನತೈತಿ.
ಸ್ಟೇಷನ್ನಿನಾಗ ಇಳಿದ ಪರಊರವ್ರು
ಮೂಗಿಗೆ ಟಾವೆಲ್ ಹಿಡದ್ರ ನಗತಿದ್ವಿ,
"ಯಾಕ್ರಿ ಸಾಹೇಬ್ರ, ಘಾಟು ಹತ್ತಿತೇನು?"

ಆ ವರ್ಷ ಯಾರೂ ನಗಲಿಲ್ಲ.

ಎರಡನೇ ಅಲಿ ಅಂತಿದ್ರು ಟಿವ್ಯಾಗ.
ಕಮಿಟಿ ಸೆಕ್ರೆಟರಿ ಒಂದು ಚೀಲ ಸುಣ್ಣ ಕೊಟ್ಟು
"ಆರಾರು ಫೂಟಿಗೊಂದು ಗುಂಡನ ಗೆರಿ ಹೊಡಿ, ಫಕ್ಕೀರಪ್ಪ" ಅಂದ.
ಹೊಡದೆ. ನಲವತ್ತಾದುವು.
ಬಂದು ಎಣಿಸಿದ, ಹಣಿ ತಿಕ್ಕೊಂಡ.
"ಸೋಮವಾರ ಸಾವಿರ ಮಂದಿ ಬರತಾರ,
ನಾಕು ಫೂಟಿಗೆ ಹೊಡಿ. ಮ್ಯಾಲಿನವ್ರಿಗೆ ನಾ ಹೇಳತೀನಿ."
ಆರು ಹೋಗಿ ನಾಕಾತು.
ಟೇಪು ಸರಕಾರದ್ದು, ಕೈ ನಂದು.

ಬಂದ್ರು.
ಗುತ್ತಲದವ್ರು, ರಟ್ಟೀಹಳ್ಳಿಯವ್ರು, ಆಂಧ್ರದ ಲಾರಿಯವ್ರು,
ತುಂಬು ಬಿಡಿಸೋ ನೀಲವ್ವನ ಗುಂಪು.
ಗೆರಿಯೊಳಗ ಒಬ್ಬೊಬ್ರ ನಿಂತ್ರು, ಹತ್ತು ಮಿನಿಟು.
ಬಿಸಲು ಏರಿತು.
ಗೆರಿಯೊಳಗ ಚಪ್ಪಲಿ ಬಿಟ್ಟು
ಎಲ್ಲಾರೂ ಬೇವಿನ ನೆರಳಿಗೆ ಹೋಗಿ ಕುಂತ್ರು,
ತೊಡಿಗೆ ತೊಡಿ ಹಚ್ಚಿ, ಒಂದ ಎಲಿಚಂಚಿ ಸುತ್ತ.
ಸಂಜೀತನ ನಿಯಮ ಪಾಲಿಸಿದ್ದು
ಚಪ್ಪಲಿ ಅಷ್ಟ.

ಈಗ ಪೀರಾಂಬಿ ಚಾದಂಗಡ್ಯಾಗ
ದಿನಾ ಆ ವರ್ಷದ್ದ ಪಂಚಾಯ್ತಿ.
"ಸರಕಾರದ್ದ ತಪ್ಪು" ಅಂತಾನ ಸೈದುಸಾಬ,
"ಹಾವೇರ್ಯಾಗ ಬೆಡ್ಡಿಲ್ಲ, ಹುಬ್ಬಳ್ಳ್ಯಾಗ ಸಿಲಿಂಡರಿಲ್ಲ,
ನಮ್ಮ ಭಾವ ಊರೂರು ತಿರುಗಿ ಗಾಡ್ಯಾಗ ಹೋದ."
"ಮಂದೀದ ತಪ್ಪು" ಅಂತಾರ ಕಡೇಮನಿ ಮಾಸ್ತರು,
"ಮಾಸ್ಕು ಗದ್ದಕ್ಕ ಕಟ್ಟಿದ್ರಿ,
ಐವತ್ತು ಮಂದಿ ಅಂದ್ರ ಐನೂರು ಎಲಿ ಹಾಕಿದ್ರಿ."
"ನಿಮ್ಮ ಮಗಳ ಮದಿವ್ಯಾಗ ನಾನೂ ಉಂಡೇನ್ರಿ ಮಾಸ್ತರ"
ಅಂತಾಳ ಪೀರಾಂಬಿ, ಕಪ್ಪು ತೊಳಕೋತ.

ನಾ ಸುಮ್ನ ಚಾ ಕುಡೀತೀನಿ.
ತಪ್ಪು ಒಬ್ರು ಈ ಪರಡಿಗೆ ಹಾಕತಾರ, ಒಬ್ರು ಆ ಪರಡಿಗೆ.
ತಕ್ಕಡಿ ಅಂದಕೂಡ್ಲೆ
ತೂಕದ ಗುರುಶಾಂತ ನೆನಪಾಗತಾನ.

ಆ ಗುರುವಾರ ನನ್ನ ಮೈ ಕಾದಿತ್ತು.
ದಿನಗೂಲಿ ನಂದು, ಹೋಗದಿದ್ರ ಪಗಾರಿಲ್ಲ.
ಅದನ್ನ ಬೇಕಾದ್ರ ಸರಕಾರದ ಲೆಕ್ಕಕ್ಕ ಬರೀರಿ.
ಗೇಟಿನ್ಯಾಗ ಹಣಿಗೆ ಮಷಿನ್ ಹಿಡಿಯೋ ಮೊದಲ
ತಣ್ಣೀರಾಗ ಅದ್ದಿದ ಟಾವೆಲ್ ಹಣಿಗೆ ಒತ್ತಿಕೊಂಡೆ.
ಅದನ್ನ?

ಕಾಟಾದ ಬಾಜೂಕ ನಿಂತು ಕೆಮ್ಮಿದೆ.
ಗುರುಶಾಂತ ತಿರುಗಿ ನೋಡಿದ.
ಕೆಟ್ಟ ನೋಟಲ್ಲ,
ಕಾಯಿ ಹಸಿ ಐತೋ ಒಣಗೇತೋ ನೋಡೋ ಹಂಗ.
"ಘಾಟು" ಅಂದೆ.
"ಹೌದಪಾ, ಆಂಧ್ರದ ಮಾಲು ಭಾಳ ಘಾಟು" ಅಂದ,
ಮುಂದಿನ ಚೀಲ ಏರಿಸಿದ.

ನಮ್ಮ ಕಡ್ಡಿಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ.
ಆವತ್ತು ಆಂಧ್ರದ ಲಾರಿ ಬಂದಿರಲಿಲ್ಲ.
ಅವಗ ಗೊತ್ತಿತ್ತು.
ನನಗೂ.

ನನ್ನ ಜ್ವರ ನಾಕು ದಿನಕ್ಕ ಬಿಟ್ಟಿತು.
ಅವ ಹತ್ತೊಂಬತ್ತನೇ ದಿನ ಹೋದ.
ನನ್ನಿಂದ ಬಂತೋ, ಬೇವಿನ ನೆರಳಾಗೋ,
ಮಾಸ್ತರ ಪಂಗತಿಯೊಳಗೋ,
ಯಾವ ಕಾಟಾದಾಗೂ ಅದು ತೂಗಾಂಗಿಲ್ಲ.
ಪ್ಲಾಸ್ಟಿಕ್ ಸುತ್ತಿ ಕಳಿಸಿದ್ರು. ನಾ ಗೇಟಿನತನ ಹೋಗಿದ್ದೆ.

ಮೊನ್ನಿ ಅವನ ಹೆಂಡತಿ ಶಂಕ್ರವ್ವ
ಬುಟ್ಟಿ ಹಿಡಕೊಂಡು ಬಂದಿದ್ಲು, ತುಂಬು ಬಿಡಿಸಾಕ.
ನನಗ ಕೆಮ್ಮು ಬಂತು. ತಡದೆ.
ಕಣ್ಣಾಗ ನೀರು ಬಂದುವು.
"ಘಾಟೇನಣ್ಣ?" ಅಂದ್ಲು.

ಲಾರಿ ಬಂದಿತ್ತು ಅವತ್ತು,
ಗೇಟಿನ ಎದುರಿಗೇ ನಿಂತಿತ್ತು, ಆಂಧ್ರದ್ದು, ಖರೇನ.
ಹೌದು ಅನ್ನಾಕ
ಬಾಯಿ ಬರಲಿಲ್ಲ.